ಖಡಕ್ ರೊಟ್ಟಿಗೆ ವೆಬ್‌ಸೈಟ್ ಬೇಕಾ?

ಪ್ರಶ್ನೆ: ಅಕ್ಕ, ಗದಗದಲ್ಲಿ ಮನೆಯಲ್ಲೇ ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ ಮಾಡಿ ಮಾರುತ್ತೇನೆ. ನಮ್ಮ ಓಣಿಯಲ್ಲಿ ಒಳ್ಳೆ ಹೆಸರಿದೆ. ಮಗಳು ಇನ್‌ಸ್ಟಾಗ್ರಾಮ್ ಪೇಜ್ ಮಾಡಿಕೊಟ್ಟು ಆರು ತಿಂಗಳಾಯಿತು. ಲೈಕ್ ಬರುತ್ತವೆ, ಆರ್ಡರ್ ಬರುವುದಿಲ್ಲ. ಒಬ್ಬರು 25 ಸಾವಿರ ಕೊಟ್ಟರೆ ವೆಬ್‌ಸೈಟ್ ಮಾಡಿಕೊಡುತ್ತೇನೆ ಎನ್ನುತ್ತಿದ್ದಾರೆ. ಮಾಡಿಸಲಾ?
– ಓದುಗರೊಬ್ಬರು, ಗದಗ

ಉತ್ತರ: ಈಗಲೇ ಬೇಡ ತಂಗಿ. ಆ ದುಡ್ಡಿಗೆ ಶೇಂಗಾ ತಂದಿಡಿ.

ನಿಮ್ಮ ಪೇಜ್ ನೋಡಿದೆ. ರೊಟ್ಟಿಯ ಫೋಟೋ ಚೆನ್ನಾಗಿದೆ. ಆದರೆ ಒಂದು ಕಟ್ಟಿಗೆ ಎಷ್ಟು ರೊಟ್ಟಿ, ಬೆಲೆ ಎಷ್ಟು, ಎಷ್ಟು ದಿನ ಇಡಬಹುದು, ಬೆಂಗಳೂರಿಗೆ ಕಳಿಸುತ್ತೀರಾ, ಯಾವುದೂ ಇಲ್ಲ. ‘ಬೆಲೆಗೆ ಮೆಸೇಜ್ ಮಾಡಿ’ ಅಂತ ಇದೆ. ಜನ ಮಾಡಲ್ಲ. ಬೆಲೆ ಕೇಳಿ ಆಮೇಲೆ ಬೇಡ ಅನ್ನೋಕೆ ಸಂಕೋಚ, ಅಲ್ವಾ? ನಾನೂ ಸಾಗರದಲ್ಲಿ ಹಲಸಿನ ಹಪ್ಪಳ ಮಾರಲು ಶುರು ಮಾಡಿದಾಗ ಇದೇ ತಪ್ಪು ಮಾಡಿದ್ದೆ. ಫೋಟೋದ ಮೇಲೇ ‘25 ಹಪ್ಪಳ’ ಅಂತ ಬರೆದು, ಪಕ್ಕದಲ್ಲಿ ಬೆಲೆ ಹಾಕಿದ ಮೇಲೆ ಕೇಳುವವರು ಕಡಿಮೆಯಾದರು, ಕೊಳ್ಳುವವರು ಜಾಸ್ತಿಯಾದರು.

ವಿಡಿಯೊಗೆ ಸಿನಿಮಾ ಹಾಡು ಹಾಕಿದ್ದೀರಿ. ತೆಗೆದುಬಿಡಿ. ರೊಟ್ಟಿ ಬಡಿಯುವ ಸದ್ದು, ಖಡಕ್ ರೊಟ್ಟಿ ಮುರಿಯುವ ಸದ್ದು ಕೇಳಲಿ. ಊರು ಬಿಟ್ಟು ಬೆಂಗಳೂರು, ಪುಣೆ ಸೇರಿದ ನಿಮ್ಮ ಕಡೆಯವರಿಗೆ ಆ ಸದ್ದು ಸಾಕು. ನಿಮ್ಮ ಮುಖ್ಯ ಗಿರಾಕಿಗಳೂ ಅವರೇ.

ಆರ್ಡರ್ ತೆಗೆದುಕೊಳ್ಳಲು ವ್ಯಾಪಾರ ಮಾಡುವವರಿಗೆಂದೇ ಇರುವ ವಾಟ್ಸಾಪ್ ಬಿಸಿನೆಸ್ ಆ್ಯಪ್ ಸಾಕು. ಅದು ಉಚಿತ. ಅದರ ಕ್ಯಾಟಲಾಗ್‌ನಲ್ಲಿ ಒಂದೊಂದು ಪದಾರ್ಥಕ್ಕೂ ಫೋಟೋ, ತೂಕ, ಬೆಲೆ ಹಾಕಬಹುದು. ಇನ್‌ಸ್ಟಾಗ್ರಾಮ್ ಪೇಜಿನಲ್ಲಿ ಆ ನಂಬರಿನ ಲಿಂಕ್ ಕೊಡಿ. ಹೊಸ ಸಿಮ್ ತೆಗೆದುಕೊಳ್ಳಿ, ಅದು ನಿಮ್ಮ ಹೆಸರಲ್ಲೇ ಇರಲಿ. ಇದನ್ನು ಒತ್ತಿ ಹೇಳಲು ಕಾರಣವಿದೆ. ನನ್ನ ಮೊದಲ ಪೇಜನ್ನು ಸಂಬಂಧಿಕರ ಹುಡುಗನೊಬ್ಬ ಅವನ ನಂಬರಿನಲ್ಲಿ ತೆರೆದಿದ್ದ. ಅವನು ನಂಬರ್ ಬದಲಿಸಿದ. ಪಾಸ್‌ವರ್ಡ್ ಯಾರಿಗೂ ನೆನಪಿರಲಿಲ್ಲ. ಎರಡು ವರ್ಷದ ಫೋಟೋಗಳು, ಗಿರಾಕಿಗಳ ಮಾತುಗಳು, ಎಲ್ಲಾ ಹೋದವು. ಅವತ್ತು ಅತ್ತಿದ್ದೇನೆ.

ಇನ್ನೊಂದು ವಿಷಯ. ವಾಟ್ಸಾಪ್‌ನಲ್ಲಿ ಒಂದೇ ಮೆಸೇಜನ್ನು ಹಲವರಿಗೆ ಬೇರೆ ಬೇರೆಯಾಗಿ ಕಳಿಸುವ ಬ್ರಾಡ್‌ಕಾಸ್ಟ್ ಲಿಸ್ಟ್ ಇದೆ. ಅದರಲ್ಲಿ ಕಳಿಸಿದ ಮೆಸೇಜ್, ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುತ್ತದೆ. ಹಾಗಾಗಿ ಪ್ರತಿ ಪ್ಯಾಕೆಟ್ಟಿನ ಮೇಲೂ ‘ನಮ್ಮ ನಂಬರ್ ಸೇವ್ ಮಾಡಿಕೊಳ್ಳಿ’ ಅಂತ ಅಚ್ಚು ಹಾಕಿಸಿ. ಅದರ ಜೊತೆಗೇ ಪದಾರ್ಥಗಳ ಪಟ್ಟಿ, ನಿವ್ವಳ ತೂಕ, ತಯಾರಿಸಿದ ದಿನ, ಎಷ್ಟು ದಿನದೊಳಗೆ ತಿನ್ನಬೇಕು, ನಿಮ್ಮ ವಿಳಾಸ, ಸಸ್ಯಾಹಾರದ ಹಸಿರು ಗುರುತು. ಎಫ್‌ಎಸ್‌ಎಸ್‌ಎಐ, ಅಂದರೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಮಾಡಿಸಿದ್ದೀರಾ? ಪತ್ರದಲ್ಲಿ ಬರೆದಿಲ್ಲ. ಮನೆಯಲ್ಲಿ ಮಾಡಿ ಮಾರುವವರಿಗೂ ಅದು ಬೇಕು. ಅದೇ ಪ್ರಾಧಿಕಾರದ ಫಾಸ್ಕಾಸ್ (FoSCoS) ಪೋರ್ಟಲ್‌ನಲ್ಲಿ ಅರ್ಜಿ ಹಾಕಬಹುದು. ಸಿಗುವ 14 ಅಂಕಿಯ ನಂಬರನ್ನೂ ಪ್ಯಾಕೆಟ್ ಮೇಲೆ ಹಾಕಿ.

ಗೂಗಲ್ ಮ್ಯಾಪ್‌ನಲ್ಲೂ ಹೆಸರು ಸೇರಿಸಿ. ಊರೊಳಗೆ ನೀವೇ ಮನೆಗೆ ತಲುಪಿಸುತ್ತಿದ್ದರೆ, ಮನೆ ವಿಳಾಸ ಮುಚ್ಚಿಟ್ಟು ಯಾವ ಯಾವ ಬಡಾವಣೆಗೆ ಕೊಡುತ್ತೀರಿ ಎಂಬುದನ್ನಷ್ಟೇ ತೋರಿಸಬಹುದು.

‘200 ರೊಟ್ಟಿ ಬೇಕು, ಮುಂಗಡ ಹಾಕ್ತೀನಿ, ಪಿನ್ ಒತ್ತಿ’ ಅಂತ ಯಾರಾದರೂ ಅಂದರೆ ಫೋನ್ ಇಟ್ಟುಬಿಡಿ. ದುಡ್ಡು ಪಡೆಯಲು ಯುಪಿಐ ಪಿನ್ ಬೇಕಿಲ್ಲ.

ಹೊರ ಊರಿಗೆ ಮೊದಲು ಚಟ್ನಿ ಕಳಿಸಿ. ಮುರಿಯುವ ಭಯ ಇಲ್ಲ. ಆದರೆ ಶೇಂಗಾ ಚಟ್ನಿಗೆ ಬೇಗ ಕಮಟು ವಾಸನೆ ಬರುತ್ತದೆ. ಆರ್ಡರ್ ಬಂದ ಮೇಲೆ ಕುಟ್ಟಿ. ರೊಟ್ಟಿಯ ವಿಷಯಕ್ಕೆ ಬಂದರೆ, ಬೆಂಗಳೂರಿನಲ್ಲಿರುವ ನಿಮ್ಮವರಿಗೇ ಮೊದಲು ಒಂದು ಕಟ್ಟು ಕಳಿಸಿ ನೋಡಿ. ಮೇಲೆ ಕೆಳಗೆ ದಪ್ಪ ರಟ್ಟು ಇಟ್ಟು ಕಟ್ಟಿ. ಎಷ್ಟು ಮುರಿದವು ಅಂತ ಎಣಿಸಿ ಹೇಳಲಿ. ಆ ಲೆಕ್ಕ ನನಗೂ ಬರೆಯಿರಿ.