ಹೊತ್ತಿ ಆರುವ ಗ್ಯಾಸ್ ಗೀಸರ್: ಮೊದಲು ನೋಡಬೇಕಾದದ್ದು ಗಾಳಿ

ಪ್ರಶ್ನೆ: ಮೂಡಿಗೆರೆ ಸಮೀಪದ ನಮ್ಮ ಮನೆಯ ಬಚ್ಚಲಿನೊಳಗೆ ಗ್ಯಾಸ್ ಗೀಸರ್ ಹಾಕಿಸಿದ್ದೇವೆ. ಈ ಮಳೆಗಾಲದಿಂದ ಅದು ಹೊತ್ತಿಕೊಂಡ ಕೆಲವೇ ಸೆಕೆಂಡುಗಳಲ್ಲಿ ಆರುತ್ತದೆ. ನಾಲ್ಕಾರು ಬಾರಿ ನಲ್ಲಿ ತಿರುಗಿಸಿದ ಮೇಲೆ ಉರಿ ಉಳಿದುಕೊಂಡರೂ ಸ್ನಾನದ ನಡುವೆ ಮತ್ತೆ ಆರುತ್ತದೆ. ಹೊಸ ಸೆಲ್ ಹಾಕಿದರೂ ಸರಿಹೋಗಲಿಲ್ಲ. ಎರಚಲು ಬರುತ್ತದೆಂದು ಕಿಟಕಿಗೆ ಪ್ಲಾಸ್ಟಿಕ್ ಹಾಳೆ ಕಟ್ಟಿದ್ದೇವೆ. ಸ್ನಾನ ಮುಗಿಸಿ ಬಂದಾಗ ಅತ್ತೆಯವರಿಗೆ ತಲೆನೋವು, ಓಕರಿಕೆ ಬರುತ್ತದೆ, ಪಿತ್ತವಿರಬಹುದೆಂದು ಸುಮ್ಮನಿದ್ದೇವೆ. ಗೀಸರ್ ಬದಲಿಸಬೇಕೇ?

ಉತ್ತರ: ಗೀಸರಿನ ಮಾತು ಆಮೇಲೆ, ಅತ್ತೆಯವರ ತಲೆನೋವಿನ ವಿಷಯ ಮೊದಲು. ದಯವಿಟ್ಟು ಇಂದಿನಿಂದಲೇ ಆ ಗೀಸರನ್ನು ಬಳಸಬೇಡಿ, ಕಿಟಕಿಯ ಪ್ಲಾಸ್ಟಿಕ್ ತೆಗೆಯಿರಿ, ಅವರನ್ನು ವೈದ್ಯರಿಗೆ ತೋರಿಸುವಾಗ ಮುಚ್ಚಿದ ಬಚ್ಚಲಿನಲ್ಲಿ ಗ್ಯಾಸ್ ಉರಿಯುತ್ತಿತ್ತೆಂದು ತಪ್ಪದೆ ತಿಳಿಸಿರಿ. ಸ್ನಾನದ ನಂತರವೇ ಬರುವ ತಲೆನೋವು, ತಲೆಸುತ್ತು, ಓಕರಿಕೆಗಳು ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲದ ಲಕ್ಷಣಗಳಾಗಿರಬಹುದು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಸರಿಯಾದ ಅಂಕಿಯನ್ನೇ ತೋರಿಸಿದರೂ ಅದನ್ನು ನಂಬಿ ಕೂರಬಾರದು, ಏಕೆಂದರೆ ರಕ್ತದಲ್ಲಿರುವುದು ಆಮ್ಲಜನಕವೋ ಈ ಅನಿಲವೋ ಎಂಬುದನ್ನು ಆ ಸಾಧನ ಬೇರ್ಪಡಿಸಲಾರದು.

ಒಂದು ಕೆ.ಜಿ. ಎಲ್‌ಪಿಜಿ ಪೂರ್ತಿ ಉರಿಯಲು ಸುಮಾರು 12 ಘನ ಮೀಟರ್ ಗಾಳಿ ಬೇಕು. ಐದಡಿ ಅಗಲ, ಏಳಡಿ ಉದ್ದ, ಎಂಟಡಿ ಎತ್ತರದ ಬಚ್ಚಲಿನಲ್ಲಿ ಇರುವುದೇ ಸುಮಾರು 8 ಘನ ಮೀಟರ್, ಅದರಲ್ಲಿಯೇ ಮನುಷ್ಯರೂ ಉಸಿರಾಡಬೇಕು. ಕಿಟಕಿ ಮುಚ್ಚಿದರೆ ಆಮ್ಲಜನಕ ಕಡಿಮೆಯಾಗುತ್ತಾ ಹೋಗಿ, ಅರೆಬರೆ ಉರಿಯುವ ಗ್ಯಾಸಿನಿಂದ ಈ ವಿಷಾನಿಲ ಹುಟ್ಟುತ್ತದೆ. ಅದು ಆಮ್ಲಜನಕಕ್ಕಿಂತ 200ಕ್ಕೂ ಹೆಚ್ಚು ಪಟ್ಟು ಬಲವಾಗಿ ರಕ್ತದ ಹಿಮೋಗ್ಲೋಬಿನ್‌ಗೆ ಅಂಟಿಕೊಳ್ಳುತ್ತದೆ. ಸಿಲಿಂಡರಿನ ಗ್ಯಾಸಿಗೆ ಸೋರಿಕೆ ತಿಳಿಯಲೆಂದೇ ವಾಸನೆ ಬೆರೆಸಿರುತ್ತಾರೆ, ಆದರೆ ಈ ಅನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮಲೆನಾಡಿನ ಹಳೆಯ ಬಚ್ಚಲುಗಳಲ್ಲಿ ಹಂಡೆಯ ಒಲೆ ಹೊಗೆಯಾಡಿದರೆ ಕಣ್ಣುರಿದು ಹೊರಗೆ ಬರುತ್ತಿದ್ದೆವು, ಹೊಗೆ ಹೋಗಲು ಹೆಂಚಿನ ಸಂದಿಯೂ ಇರುತ್ತಿತ್ತು. ಈಗಿನ ಬಚ್ಚಲಿಗೆ ಸಂದಿಯಿಲ್ಲ, ಕಾಣದ ಅನಿಲ ಕಣ್ಣುರಿಸುವುದೂ ಇಲ್ಲ.

ಇನ್ನು ಗೀಸರಿನ ದೋಷ. ಯಾವ ಹಂತದಲ್ಲಿ ಆರುತ್ತದೆ ಎಂಬುದರಿಂದಲೇ ಅರ್ಧ ಕಾರಣ ತಿಳಿಯುತ್ತದೆ. ಟಕಟಕ ಸದ್ದೇ ಬರದಿದ್ದರೆ ಸೆಲ್ ಅಥವಾ ನೀರಿನ ಒತ್ತಡವನ್ನು ಶಂಕಿಸಬೇಕು. ನಿಮ್ಮಲ್ಲಿ ಕಿಡಿ ಬಂದು, ಉರಿ ಹತ್ತಿ, ಕ್ಷಣದಲ್ಲೇ ಆರುತ್ತಿರುವುದರಿಂದ ನನ್ನ ಮೊದಲ ಅನುಮಾನ ಜ್ವಾಲೆಯನ್ನು ಗುರುತಿಸುವ ಕಡ್ಡಿಯ ಮೇಲೆ. ಬರ್ನರ್ ಪಕ್ಕದಲ್ಲಿ ಬಿಳಿ ಪಿಂಗಾಣಿ ತೋಳಿನಿಂದ ಹೊರಚಾಚಿದ ತೆಳು ಲೋಹದ ಕಡ್ಡಿಗಳಿರುತ್ತವೆ. ಒಂದು ಕಿಡಿ ಹಾರಿಸುತ್ತದೆ, ಇನ್ನೊಂದು ಉರಿಯೊಳಗೆ ನಿಂತು, ಜ್ವಾಲೆಯ ಮೂಲಕ ಹರಿಯುವ ಅತ್ಯಲ್ಪ ವಿದ್ಯುತ್ತಿನಿಂದ ‘ಬೆಂಕಿ ಇದೆ’ ಎಂದು ಸರ್ಕ್ಯೂಟಿಗೆ ತಿಳಿಸುತ್ತದೆ. ಮಳೆಗಾಲದ ತೇವಕ್ಕೆ ತುಕ್ಕೋ, ಅರೆಬರೆ ಉರಿದ ಗ್ಯಾಸಿನ ಮಸಿಯೋ ಅದರ ಮೇಲೆ ಕೂತರೆ ಆ ಸೂಚನೆ ತಲುಪದೆ ವಾಲ್ವ್ ಗ್ಯಾಸನ್ನು ನಿಲ್ಲಿಸಿಬಿಡುತ್ತದೆ. ನಯವಾದ ಉಜ್ಜುಕಾಗದದಿಂದ ಕಡ್ಡಿಯನ್ನು ಲೋಹ ಹೊಳೆಯುವಷ್ಟು ಉಜ್ಜಿ, ಪಿಂಗಾಣಿಯನ್ನು ಒಣಬಟ್ಟೆಯಿಂದ ಒರೆಸಿದರೆ ಬಹುತೇಕ ಸರಿಹೋಗುತ್ತದೆ. ಪಿಂಗಾಣಿ ಸೀಳಿದ್ದರೆ ಕಡ್ಡಿಯನ್ನೇ ಬದಲಿಸಬೇಕು. ಈ ಕೆಲಸವನ್ನು ಸಿಲಿಂಡರಿನ ರೆಗ್ಯುಲೇಟರ್ ಬಂದ್ ಮಾಡಿಸಿ, ತಿಳಿದ ಮೆಕ್ಯಾನಿಕ್ ಕೈಯಲ್ಲೇ ಮಾಡಿಸಿರಿ. ಜೊತೆಗೆ ಬರ್ನರ್ ತೂತುಗಳಲ್ಲಿ ಜೇಡರ ಬಲೆ, ಕಣಜದ ಗೂಡು ಇವೆಯೇ ಎಂದು ನೋಡಿಸಿರಿ. ತೋಟದ ಮನೆಗಳಲ್ಲಿ ಇದು ಸಾಮಾನ್ಯ. ಉರಿ ನೀಲಿಯಾಗಿರಬೇಕು. ಹಳದಿಯಾಗಿದ್ದರೆ ಗಾಳಿ ಸಾಲುತ್ತಿಲ್ಲವೆಂದೇ ಅರ್ಥ.

ಸ್ನಾನದ ನಡುವೆ ಆರುವುದಕ್ಕೆ ಕಾರಣ ಬೇರೆ. ಗಾಳಿ ಸೊರಗಿ ಉರಿ ನಂದುತ್ತಿರಬಹುದು. ಇಲ್ಲವೇ ತಣ್ಣೀರು ಹೆಚ್ಚು ಬೆರೆಸಿದಾಗ ಗೀಸರ್ ಮೂಲಕ ಹರಿಯುವ ನೀರು ಕಡಿಮೆಯಾಗಿ ನೀರಿನ ಹರಿವಿನಿಂದ ಚಾಲೂ ಆಗುವ ಒಳಗಿನ ಸ್ವಿಚ್ ಬಂದ್ ಆಗುತ್ತಿರಬಹುದು. ಇದನ್ನು ತಿಳಿಯಲು ಸೆಲ್ ತೆಗೆದು, ಗ್ಯಾಸ್ ಬಂದ್ ಮಾಡಿ, ಗೀಸರಿನ ನಲ್ಲಿಯಿಂದ 10 ಲೀಟರಿನ ಬಕೆಟ್ ತುಂಬಿಸಿ ನೋಡಿ. ನಾಲ್ಕು ನಿಮಿಷ ಮೀರಿದರೆ ಹರಿವು ಸಾಲದು. ನೀರು ಒಳಬರುವ ಕಡೆಯ ಜಾಲರಿಯನ್ನು ತೊಳೆಯಿಸಿ. ಆಗಲೂ ಸುಧಾರಿಸದಿದ್ದರೆ ಟ್ಯಾಂಕನ್ನು ಎತ್ತರಿಸಬೇಕು ಅಥವಾ ಪ್ರೆಶರ್ ಪಂಪ್ ಕೂರಿಸಬೇಕು. ‘ಉರಿ ಜೋರಾಗುತ್ತದೆ’ ಎಂದು ಹೋಟೆಲ್ ಒಲೆಯ ಹೈಪ್ರೆಶರ್ ರೆಗ್ಯುಲೇಟರ್ ಹಾಕಲು ಯಾರಾದರೂ ಹೇಳಿದರೆ ಖಂಡಿತ ಒಪ್ಪಬೇಡಿ.

ಗೀಸರ್ ಬದಲಿಸುವ ಅಗತ್ಯ ನನಗೆ ಕಾಣುತ್ತಿಲ್ಲ, ಬದಲಿಸಬೇಕಾದದ್ದು ಅದರ ಜಾಗ. ಮಳೆ ತಾಗದಂತೆ ಸೂರಿನ ಕೆಳಗೆ, ಹೊರಗೋಡೆಗೆ, ಕಿಟಕಿಯಿಂದ ದೂರದಲ್ಲಿ ಕೂರಿಸಿ, ಬಿಸಿನೀರಿನ ಪೈಪನ್ನು ಮಾತ್ರ ಒಳಗೆ ತನ್ನಿರಿ. ಹಾಗೆ ಮಾಡುವವರೆಗೆ, ದುರಸ್ತಿಯಾದರೂ ಅದನ್ನು ಹೊತ್ತಿಸಬೇಡಿ.

ಪ್ರಶ್ನೆ: ಸಕಲೇಶಪುರದಲ್ಲಿರುವ ನಮ್ಮ ಗೀಸರ್ ಹೊರಗೋಡೆಯಲ್ಲೇ ಇದೆ, ಚೆನ್ನಾಗಿಯೇ ಉರಿಯುತ್ತದೆ, ಆದರೆ ಸರಿಯಾಗಿ 20 ನಿಮಿಷಕ್ಕೆ ಆರುತ್ತದೆ. ಇದೂ ದೋಷವೇ?

ಉತ್ತರ: ದೋಷವಲ್ಲ. ಅನೇಕ ಮಾದರಿಗಳಲ್ಲಿ ಸುರಕ್ಷತೆಗಾಗಿ 20 ನಿಮಿಷದ ಟೈಮರ್ ಇರುತ್ತದೆ. ನಲ್ಲಿ ನಿಲ್ಲಿಸಿ ಮತ್ತೆ ತಿರುಗಿಸಿದರೆ ಹೊತ್ತಿಕೊಳ್ಳುತ್ತದೆ. ಅದನ್ನು ತಪ್ಪಿಸಿ ವೈರ್ ಜೋಡಿಸಿಕೊಡುವೆನೆಂದು ಯಾರಾದರೂ ಮುಂದೆ ಬಂದರೆ ಬೇಡವೆನ್ನಿರಿ.