ಇಸ್ತಾಂಬುಲಿಗೆ ಒಂದೇ ಸಾಲು ಸಾಲದು

ಪ್ರಿಯ ಗೆಳೆಯರೇ,

ನೀವು ಕಳಿಸಿದ ‘ಬಾಲ್ಟಿಕ್ ತೀರದ ಸಿಡಿಲಮರಿ’ ಲೇಖನವನ್ನು ಎರಡು ಸಲ ಓದಿದೆ. ಲಾಟ್ವಿಯಾದ ಫುಟ್‌ಬಾಲ್ ಆಟಗಾರ ಮಾರಿಸ್ ವೆರ್ಪಾಕೊವ್‌ಸ್ಕಿಸ್ ಬಗ್ಗೆ ಕನ್ನಡದಲ್ಲಿ ಬರೆಯಬೇಕು ಅಂತ ಒಬ್ಬರಿಗಾದರೂ ಅನಿಸಿತಲ್ಲ ಎಂದು ಖುಷಿಯಾಯಿತು. ನನಗೂ ಅವರ ಆಟ ತುಂಬಾ ಇಷ್ಟ. ಆದರೆ ಲೇಖನವನ್ನು ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಸುಮ್ನೆ ‘ವಿಷಾದಿಸುತ್ತೇವೆ’ ಅಂತ ಬರೆದು ಮುಗಿಸಿದರೆ ನಿಮ್ಮ ಶ್ರಮಕ್ಕೆ ಅನ್ಯಾಯ. ಅದಕ್ಕೇ ಬಿಡಿಸಿ ಹೇಳುತ್ತಿದ್ದೇನೆ.

ನಿಮ್ಮ ಲೇಖನ ಅವರು ಹುಟ್ಟಿದ ದಿನದಿಂದ, 1979ರ ಅಕ್ಟೋಬರ್ 15ರಿಂದ ಶುರುವಾಗುತ್ತದೆ. ಆಮೇಲೆ ಕ್ಲಬ್‌ಗಳು ಸಾಲಾಗಿ ಬರುತ್ತವೆ. ಹುಟ್ಟೂರಿನ ಲಿಯೆಪಾಯಸ್ ಮೆಟಲುರ್ಗ್ಸ್, ರೀಗಾದ ಸ್ಕೊಂಟೊ, ಉಕ್ರೇನಿನ ಡೈನಮೊ ಕೀವ್, ಸ್ಪೇನಿನ ಹೆಟಾಫೆ, ಕ್ರೊಯೇಷಿಯಾದ ಹೈದುಕ್ ಸ್ಪ್ಲಿಟ್, ಮತ್ತೆ ಸ್ಪೇನಿನ ಸೆಲ್ಟಾ, ಗ್ರೀಸಿನ ಎರ್ಗೊಟೆಲಿಸ್, ಅಜರ್‌ಬೈಜಾನಿನ ಬಾಕು. ಪ್ರತಿ ಕ್ಲಬ್‌ಗೂ ಒಂದು ಪ್ಯಾರಾ. ಎಲ್ಲ ಪ್ಯಾರಾಗಳೂ ಹೆಚ್ಚುಕಮ್ಮಿ ಒಂದೇ ಉದ್ದ. ಕೆಲವು ತಿಂಗಳು ಮಾತ್ರ ಇದ್ದ ಹೆಟಾಫೆಗೆ ಎಷ್ಟು ಜಾಗ ಕೊಟ್ಟಿದ್ದೀರೋ, ಅವರ ಬದುಕನ್ನೇ ಬದಲಿಸಿದ 2003ಕ್ಕೂ ಅಷ್ಟೇ ಜಾಗ. ತಪ್ಪು ಆಗಿರುವುದು ಇಲ್ಲೇ.

ನನ್ನನ್ನು ಜಾಸ್ತಿ ಕಾಡಿದ್ದು ನಿಮ್ಮ ಈ ವಾಕ್ಯ: ‘ಪ್ಲೇ-ಆಫ್‌ನಲ್ಲಿ ಲಾಟ್ವಿಯಾ ಟರ್ಕಿಯನ್ನು 3-2ರಿಂದ ಸೋಲಿಸಿ ಯೂರೊ 2004ಕ್ಕೆ ಅರ್ಹತೆ ಪಡೆಯಿತು.’ ಓದುಗರು ಇದನ್ನು ಒಂದೇ ಪಂದ್ಯ ಅಂದುಕೊಳ್ಳುತ್ತಾರೆ. ಯೂರೊ ಅಂದರೆ ಯುರೋಪಿನ ದೇಶಗಳ ಚಾಂಪಿಯನ್‌ಷಿಪ್. ಅದಕ್ಕೆ ಹೋಗಲು ಆಡುವ ಕೊನೆಯ ಹಂತವಾದ ಈ ಪ್ಲೇ-ಆಫ್‌ನಲ್ಲಿ ಎರಡು ಪಂದ್ಯ, 3-2 ಆ ಎರಡರ ಒಟ್ಟು ಲೆಕ್ಕ. ಮೊದಲನೆಯದು 2003ರ ನವೆಂಬರ್ 15ರಂದು ರೀಗಾದಲ್ಲಿ ನಡೆಯಿತು. ಲಾಟ್ವಿಯಾ 1-0ರಿಂದ ಗೆದ್ದಿತು, ಗೋಲು ವೆರ್ಪಾಕೊವ್‌ಸ್ಕಿಸ್ ಅವರದು. ನಾಲ್ಕು ದಿನ ಬಿಟ್ಟು ಇಸ್ತಾಂಬುಲಿನಲ್ಲಿ ಎರಡನೆಯ ಪಂದ್ಯ. ಎದುರಿಗಿದ್ದ ಟರ್ಕಿ ಹಿಂದಿನ ವರ್ಷವಷ್ಟೇ ವಿಶ್ವಕಪ್‌ನಲ್ಲಿ ಮೂರನೇ ಸ್ಥಾನ ಪಡೆದ ತಂಡ. ಇಲ್ಹಾನ್ ಮನ್ಸಿಜ್ ಒಂದು ಗೋಲು ಹೊಡೆದರು. ಒಂದು ಗಂಟೆ ಆಟ ಮುಗಿದ ಮೇಲೆ ಹಕಾನ್ ಶುಕೂರ್ ಇನ್ನೊಂದು ಹೊಡೆದರು. ಒಟ್ಟು ಲೆಕ್ಕದಲ್ಲಿ ಟರ್ಕಿ ಮುಂದೆ ಹೋಯಿತು. ಲಾಟ್ವಿಯಾದ ಕಥೆ ಮುಗಿಯಿತು ಅಂತ ಯಾರಿಗಾದರೂ ಅನಿಸುವ ಹೊತ್ತು ಅದು.

ಸ್ವಲ್ಪ ಹೊತ್ತಿನಲ್ಲೇ ಯೂರಿಸ್ ಲೈಜಾನ್ಸ್ ಒಂದು ಗೋಲು ವಾಪಸ್ ಕೊಟ್ಟರು. ಈಗ ಒಟ್ಟು 2-2. ಒಟ್ಟು ಲೆಕ್ಕ ಸಮವಾದರೆ ಎದುರಾಳಿಯ ನೆಲದಲ್ಲಿ ಹೊಡೆದ ಗೋಲಿಗೆ ಹೆಚ್ಚು ಬೆಲೆ ಎಂಬ ನಿಯಮ ಆಗ ಇತ್ತು. ಯುರೋಪಿನ ಫುಟ್‌ಬಾಲ್ ಸಂಸ್ಥೆ ಯುಯೆಫಾ ತನ್ನ ಕ್ಲಬ್ ಟೂರ್ನಿಗಳಲ್ಲಿ ಅದನ್ನು 2021ರಲ್ಲಿ ಕೈಬಿಟ್ಟಿತು. ಇವತ್ತಿನ ಓದುಗರಿಗೆ ಗೊತ್ತಿರಲಿಕ್ಕಿಲ್ಲ, ನೀವು ಒಂದು ಸಾಲಿನಲ್ಲಿ ಹೇಳಬೇಕು. ಆ ನಿಯಮದ ಪ್ರಕಾರ ಇದೇ ಸ್ಕೋರ್ ಉಳಿದರೆ ಟರ್ಕಿ ಮನೆಗೆ. ಅವರು ಮುಂದೆ ನುಗ್ಗಲೇಬೇಕು. ನುಗ್ಗಿದರೆ ಹಿಂದೆ ಜಾಗ ಖಾಲಿ. ವೆರ್ಪಾಕೊವ್‌ಸ್ಕಿಸ್ ಅಷ್ಟೇನೂ ಎತ್ತರದ ಆಳಲ್ಲ, ಡಿಫೆಂಡರ್‌ಗಳ ಜೊತೆ ಭುಜ ಕೊಟ್ಟು ಗುದ್ದಾಡುವವರೂ ಅಲ್ಲ. ಆದರೆ ಖಾಲಿ ಜಾಗಕ್ಕೆ ಓಡುವುದರಲ್ಲಿ ಅವರನ್ನು ಹಿಡಿಯುವುದು ಕಷ್ಟ. ಅವರೇ ಎರಡನೇ ಗೋಲು ಹೊಡೆದರು. ಪಂದ್ಯ 2-2, ಒಟ್ಟು 3-2. ಸುಮಾರು 23 ಲಕ್ಷ ಜನರ ದೇಶ ಮೊದಲ ಸಲ ಯೂರೊಗೆ ಹೋಯಿತು. ಬಾಲ್ಟಿಕ್ ದೇಶಗಳಲ್ಲಿ ಉಳಿದೆರಡು, ಎಸ್ಟೋನಿಯಾ ಮತ್ತು ಲಿಥುವೇನಿಯಾ, ಇನ್ನೂ ಹೋಗಿಲ್ಲ.

ಇದನ್ನು ಒಂದೇ ಸಾಲಿನಲ್ಲಿ ಮುಗಿಸಲು ನಿಮಗೆ ಹೇಗೆ ಮನಸ್ಸು ಬಂತು? ಒಂದು ತಿಂಗಳು ಮೊದಲು, ಅಕ್ಟೋಬರ್ 11ರಂದು, ಸ್ವೀಡನ್ನನ್ನು ಅವರದೇ ನೆಲದಲ್ಲಿ 1-0ರಿಂದ ಸೋಲಿಸಿದ ಗೋಲೂ ವೆರ್ಪಾಕೊವ್‌ಸ್ಕಿಸ್ ಅವರದೇ. ಅದು ನಿಮ್ಮಲ್ಲಿ ಅರ್ಧ ಸಾಲು.

‘ಪವಾಡ’ ಎಂಬ ಪದ ಮೂರು ಸಲ ಬಂದಿದೆ. ಮೂರನ್ನೂ ತೆಗೆಯಿರಿ. ಪವಾಡ ಅಂದುಬಿಟ್ಟರೆ ಹೇಗಾಯಿತು ಅಂತ ಯಾರೂ ಕೇಳುವುದಿಲ್ಲ. ಇಲ್ಲಿ ಕಾರಣ ಇತ್ತು. ಆ ತಂಡದ ಹಲವರು ಸ್ಕೊಂಟೊದಲ್ಲಿ ಆಡಿದವರು. ಸ್ಕೊಂಟೊ ಲಾಟ್ವಿಯಾ ಲೀಗನ್ನು 2004ರವರೆಗೆ ಸತತ 14 ಸಲ ಗೆದ್ದ ಕ್ಲಬ್. ಅದರ ಕೋಚ್ ಅಲೆಕ್ಸಾಂಡರ್ಸ್ ಸ್ಟಾರ್ಕೊವ್ಸ್ ಅವರೇ ದೇಶದ ತಂಡಕ್ಕೂ ಕೋಚ್. ಒಬ್ಬರ ಕಾಲಿನ ಚಲನೆ ಇನ್ನೊಬ್ಬರಿಗೆ ನಿದ್ದೆಯಲ್ಲೂ ಗೊತ್ತಿದ್ದಿರಬೇಕು. ನಾಯಕ ವಿಟಾಲಿಯ್ಸ್ ಅಸ್ತಾಫ್ಯೆವ್ಸ್ ದೇಶಕ್ಕಾಗಿ 167 ಪಂದ್ಯ ಆಡಿದವರು. ಇವರ ಹೆಸರೇ ನಿಮ್ಮ ಲೇಖನದಲ್ಲಿ ಇಲ್ಲ.

ಪೋರ್ಚುಗಲ್‌ನ ಯೂರೊ ಬಗ್ಗೆ ‘ಗುಂಪಿನ ಕೊನೆಯ ಸ್ಥಾನ ಪಡೆದು ನಿರಾಸೆ ಮೂಡಿಸಿತು’ ಅಂತ ಬರೆದಿದ್ದೀರಿ. ಕೊನೆಯ ಸ್ಥಾನ ನಿಜ. ನಿರಾಸೆ ಯಾರಿಗೆ? ಚೆಕ್ ವಿರುದ್ಧ ವಿರಾಮಕ್ಕೆ ಸ್ವಲ್ಪ ಮೊದಲು ವೆರ್ಪಾಕೊವ್‌ಸ್ಕಿಸ್ ಗೋಲು ಹೊಡೆದರು, ಕೊನೆಗೆ 2-1ರಿಂದ ಸೋತರು. ನೆದರ್‌ಲೆಂಡ್ಸ್ ವಿರುದ್ಧ 3-0ರಿಂದ ಸೋತರು. ನಡುವೆ ಜೂನ್ 19ರಂದು ಜರ್ಮನಿ ವಿರುದ್ಧ 0-0. ಅವತ್ತು ರಾತ್ರಿ ಒಂಬತ್ತೂವರೆಗೆ ನಾನು ಟಿವಿ ಮುಂದೆ ಕೂತಿದ್ದೆ. ಚೆಂಡು ಸಿಕ್ಕಿದ್ದೇ ತಡ ವೆರ್ಪಾಕೊವ್‌ಸ್ಕಿಸ್ ಜರ್ಮನ್ ಡಿಫೆಂಡರ್‌ಗಳನ್ನು ಹಿಂದೆ ಬಿಟ್ಟು ಓಡಿದ್ದು ಇನ್ನೂ ಕಣ್ಣ ಮುಂದಿದೆ. ಗೋಲಿನಲ್ಲಿದ್ದವರು ಒಲಿವರ್ ಕಾನ್. ಗೋಲಾಗಲಿಲ್ಲ. ಆದರೂ ನಾನು ಎದ್ದು ನಿಂತಿದ್ದೆ. ನೀವು ಆ ಪಂದ್ಯ ನೋಡಿದ್ದೀರಾ? ನೋಡದೆ ಬರೆಯಬೇಡಿ. ಪೂರ್ತಿ ತೊಂಬತ್ತು ನಿಮಿಷ ನೋಡಿ.

ಇನ್ನು ‘ದೊಡ್ಡ ಕ್ಲಬ್‌ಗಳಲ್ಲಿ ವಿಫಲರಾದರು’ ಎಂಬ ತೀರ್ಪು. 2004ರ ನವೆಂಬರ್‌ನಲ್ಲಿ ಚಾಂಪಿಯನ್ಸ್ ಲೀಗ್‌ನಲ್ಲಿ ಡೈನಮೊ ಕೀವ್ ರಿಯಲ್ ಮ್ಯಾಡ್ರಿಡ್ ಜೊತೆ 2-2 ಡ್ರಾ ಮಾಡಿಕೊಂಡಾಗ ಒಂದು ಗೋಲು ಇವರದು. ಆಮೇಲೆ ಊರೂರು ಸುತ್ತಿದರು, ಯಾವ ಕಡೆಯೂ ಬೇರು ಬಿಡಲಿಲ್ಲ, ಒಪ್ಪುತ್ತೇನೆ. ಆದರೆ ಅದೇ ಮನುಷ್ಯ ದೇಶದ ಅಂಗಿ ಹಾಕಿಕೊಂಡು 104 ಪಂದ್ಯಗಳಲ್ಲಿ 29 ಗೋಲು ಹೊಡೆದಿದ್ದಾರೆ. ಲಾಟ್ವಿಯಾದಲ್ಲಿ ಅಷ್ಟು ಹೊಡೆದವರು ಬೇರೆ ಇಲ್ಲ. ಕ್ಲಬ್‌ನಲ್ಲಿ ಹೊಂದದ ಆಟ ದೇಶದ ತಂಡದಲ್ಲಿ ಯಾಕೆ ಹೊಂದಿತು? ಲೇಖನದ ನಡುವೆ ಇರಬೇಕಾದ ಪ್ರಶ್ನೆ ಇದು. ನಾನು ಸ್ಕೊಂಟೊ ಕಥೆ ಎತ್ತಿದ್ದು ಇದಕ್ಕೇ.

ಭಾಷೆಯ ಬಗ್ಗೆ ಎರಡು ಮಾತು. ‘ಸಾಲಕ್ಕೆ ಕೊಡಲ್ಪಟ್ಟರು’ ಅಂತ ಬರೆದಿದ್ದೀರಿ. ಸಾಲ ಅಂದರೆ ದುಡ್ಡಿನದು. ‘ಲೋನ್ ಮೇಲೆ ಹೋದರು’ ಅನ್ನಿ, ಇಲ್ಲವೇ ‘ಎರವಲು ಹೋದರು’ ಅನ್ನಿ. ನನಗೆ ಎರವಲು ಇಷ್ಟ. ವಾಪಸ್ ಬರುವ ಮಾತು ಆ ಪದದೊಳಗೇ ಇದೆ. ‘ಪಟ್ಟರು’ಗಳನ್ನೆಲ್ಲ ತೆಗೆಯಿರಿ, ವಾಕ್ಯ ಹಗುರವಾಗುತ್ತದೆ.

ಹೆಸರುಗಳನ್ನು ಇಂಗ್ಲಿಷ್ ಓದಿದ ಹಾಗೆ ಬರೆದಿದ್ದೀರಿ. ಊರಿನ ಹೆಸರು ‘ಲೈಪಾಜಾ’ ಅಲ್ಲ, ಲಿಯೆಪಾಯ. ಅವರ ಲಿಪಿಯ ‘ಜೆ’ ನಮ್ಮ ‘ಯ’. ಮಾರಿಸ್‌ನಲ್ಲಿ ‘ಮಾ’ ದೀರ್ಘ. ಅವರು ಅಕ್ಷರದ ಮೇಲೆ ಗೆರೆ ಎಳೆದು ತೋರಿಸುವ ದೀರ್ಘಕ್ಕೆ ನಮ್ಮಲ್ಲಿ ಅಕ್ಷರವೇ ಇದೆ. ಇಷ್ಟು ಅನುಕೂಲ ಇಟ್ಟುಕೊಂಡು ಯಾಕೆ ತಪ್ಪು ಬರೆಯಬೇಕು, ಅಲ್ವಾ? ಕೊನೆಯ ‘ಸ್’ ಕೂಡ ಬಿಡಬೇಡಿ. ಲಾಟ್ವಿಯನ್ ಭಾಷೆಯಲ್ಲಿ ಗಂಡಸರ ಹೆಸರು ಸಾಮಾನ್ಯವಾಗಿ ಹಾಗೇ ಮುಗಿಯುತ್ತದೆ. ಹೊರಗಿನವರ ಹೆಸರಿಗೂ ಅವರು ಅದನ್ನು ಅಂಟಿಸುತ್ತಾರೆ. ಬಸ್ ನಮ್ಮ ಬಾಯಲ್ಲಿ ಬಸ್ಸು ಆದ ಹಾಗೆ ಡೇವಿಡ್ ಅಲ್ಲಿ ಡೇವಿಡ್ಸ್ ಆಗುತ್ತಾನೆ.

ನಿಮ್ಮ ಕೊನೆಯ ಪ್ಯಾರಾ: ‘2014ರಲ್ಲಿ ಲೈಪಾಜಾ ಸೇರಿ ನಿವೃತ್ತರಾದರು. ಅವರ ಸಾಧನೆ ಯುವಕರಿಗೆ ಸ್ಫೂರ್ತಿ.’ ಎರಡನೇ ವಾಕ್ಯ ಯಾರ ಬಗ್ಗೆ ಬೇಕಾದರೂ ಬರೆಯಬಹುದು. ಮೊದಲನೆಯದರ ಹಿಂದೆ ದೊಡ್ಡ ಕಥೆ ಇದೆ. ಲಿಯೆಪಾಯ ಬಾಲ್ಟಿಕ್ ಸಮುದ್ರದ ಬಂದರು, ಗಾಳಿ ಹುಟ್ಟುವ ಊರು ಅಂತ ಅಲ್ಲಿನವರು ಕರೆಯುತ್ತಾರೆ. ಸೋವಿಯತ್ ಕಾಲದಲ್ಲಿ ನೌಕಾಪಡೆಯ ನೆಲೆ ಇದ್ದ, ಹೊರಗಿನವರಿಗೆ ಮುಚ್ಚಿದ ಊರು. ವೆರ್ಪಾಕೊವ್‌ಸ್ಕಿಸ್ ಆಡುತ್ತಾ ಬೆಳೆದ ಕ್ಲಬ್ಬಿಗೆ ಅಲ್ಲಿನ ಉಕ್ಕಿನ ಕಾರ್ಖಾನೆಯದೇ ಹೆಸರು. 2013ರಲ್ಲಿ ಕಾರ್ಖಾನೆ ದಿವಾಳಿಯಾಯಿತು, ಅದರ ಜೊತೆ ಕ್ಲಬ್ಬೂ ಮುಚ್ಚಿತು. ಮರುವರ್ಷ ಎಫ್‌ಕೆ ಲಿಯೆಪಾಯ ಅಂತ ಹೊಸ ಕ್ಲಬ್ ಹುಟ್ಟಿತು. ವೆರ್ಪಾಕೊವ್‌ಸ್ಕಿಸ್ ಅದರ ಅಧ್ಯಕ್ಷರೂ ಆದರು, ಅದರ ಪರವಾಗಿ ಆಡಿದರು ಕೂಡ. 2015ರಲ್ಲಿ ಆ ಕ್ಲಬ್ ಲಾಟ್ವಿಯಾ ಲೀಗ್ ಗೆದ್ದಿತು.

ನನ್ನ ಕೇಳಿದರೆ ಲೇಖನ ಇಲ್ಲಿಂದಲೇ ಶುರುವಾಗಲಿ. ಮುಚ್ಚಿದ ಕ್ಲಬ್, ಮೂವತ್ತೈದರ ಹತ್ತಿರದ ಆಟಗಾರ, ಹುಟ್ಟೂರು. ಅಲ್ಲಿಂದ ಇಸ್ತಾಂಬುಲಿಗೆ ಹಿಂದೆ ಹೋಗಿ. ಹೆಟಾಫೆ, ಬಾಕು ಒಂದೊಂದು ಸಾಲಿನಲ್ಲಿ ಮುಗಿಯಲಿ. ಪೂರ್ತಿ ಬರೆದು ಕಳಿಸುವ ಮೊದಲು ಇಸ್ತಾಂಬುಲಿನ ಆ ರಾತ್ರಿಯ ಎರಡು ಪ್ಯಾರಾ ಮಾತ್ರ ಕಳಿಸಿ. ಬಂದ ದಿನವೇ ಓದುತ್ತೇನೆ.

ಪ್ರೀತಿಯಿಂದ,
ಸಂಪಾದಕ