ಬಿಳುಪು ಹಳೆಯದು, ಒಡಲು ಹೊಸದು

ಪ್ರಶ್ನೆ: ಬ್ರಿಟಿಷರು ಅಮೆರಿಕದ ಅಧ್ಯಕ್ಷರ ನಿವಾಸವನ್ನು ಸುಟ್ಟಾಗ ಹತ್ತಿದ ಮಸಿಯನ್ನು ಮುಚ್ಚಲು ಬಿಳಿ ಬಣ್ಣ ಬಳಿದರೆಂದೂ, ಶ್ವೇತಭವನವೆಂಬ ಹೆಸರು ಅದರಿಂದಲೇ ಬಂತೆಂದೂ ಶಾಲೆಯಲ್ಲಿ ಕಲಿತಿದ್ದೆ. ಆ ಕಟ್ಟಡದ ಒಳಭಾಗವೆಲ್ಲ 1950ರ ಸುಮಾರಿಗೆ ಹೊಸದಾಗಿ ಕಟ್ಟಿದ್ದೆಂದು ಈಚೆಗೆ ಸ್ನೇಹಿತರೊಬ್ಬರು ಹೇಳಿದರು. ಯಾವುದನ್ನು ನಂಬಬೇಕು?
– ಓದುಗರೊಬ್ಬರು, ಶಿರಸಿ

ಉತ್ತರ: ಸ್ನೇಹಿತರನ್ನು ನಂಬಿ. ಶಾಲೆಯಲ್ಲಿ ಕೇಳಿದ ಕಥೆ ಚೆನ್ನಾಗಿದೆಯಾದರೂ ಕಾಲಕ್ಕೆ ಹೊಂದುವುದಿಲ್ಲ. ಐರ್ಲೆಂಡಿನಿಂದ ಬಂದ ಜೇಮ್ಸ್ ಹೋಬನ್ ಎಂಬ ವಾಸ್ತುಶಿಲ್ಪಿಯ ನಕ್ಷೆಯಂತೆ 1792ರ ಅಕ್ಟೋಬರ್ 13ರಂದು ಶಂಕುಸ್ಥಾಪನೆಯಾದ ಈ ಮನೆಗೆ ಬಳಸಿದ್ದು ವರ್ಜೀನಿಯಾದ ಮರಳುಗಲ್ಲು. ಗುಲಾಮರಾಗಿದ್ದ ಕಪ್ಪು ಜನರೂ ಸ್ಕಾಟ್ಲೆಂಡಿನ ಕಲ್ಲುಕುಟಿಗರೂ ಅದಕ್ಕೆ ದುಡಿದರು. ಆ ಕಲ್ಲು ನೀರು ಹೀರುತ್ತದೆ. ಹೀರಿದ ನೀರು ಚಳಿಗಾಲದಲ್ಲಿ ಹೆಪ್ಪುಗಟ್ಟಿದರೆ ಕಲ್ಲು ಬಿರಿಯುತ್ತದೆ. ಇದನ್ನು ತಡೆಯಲೆಂದು 1798ರಲ್ಲೇ ಗೋಡೆಗಳಿಗೆ ಸುಣ್ಣ ಬಳಿದಿದ್ದರು. ಬ್ರಿಟಿಷ್ ಸೈನಿಕರು ಬೆಂಕಿಯಿಟ್ಟದ್ದು 1814ರ ಆಗಸ್ಟ್ 24ರಂದು. ಅಷ್ಟರೊಳಗೆ ಜನರ ಬಾಯಲ್ಲಿ ಅದು ‘ಬಿಳಿ ಮನೆ’ಯಾಗಿಬಿಟ್ಟಿತ್ತು. ಆ ಹೆಸರಿಗೆ ಸರ್ಕಾರದ ಮೊಹರು ಬಿದ್ದದ್ದು ಮಾತ್ರ 1901ರಲ್ಲಿ, ಥಿಯೋಡರ್ ರೂಸ್‌ವೆಲ್ಟ್ ಕಾಲದಲ್ಲಿ. ಬೆಂದು ಬಲಗುಂದಿದ ಭಾಗಗಳನ್ನು ಕೆಡವಿ ಮತ್ತೆ ಕಟ್ಟಿಸಿದವನೂ ಹೋಬನ್ನನೇ. ಅಂದಿನ ಸುಟ್ಟ ಗುರುತುಳ್ಳ ಒಂದೆರಡು ಕಲ್ಲುಗಳನ್ನು ಬಣ್ಣ ಬಳಿಯದೆ ಹಾಗೆಯೇ ಉಳಿಸಿಕೊಂಡಿದ್ದಾರೆ.

ಎರಡನೆಯ ಸಂಗತಿ ಇದಕ್ಕಿಂತ ಸ್ವಾರಸ್ಯಕರವಾದುದು. ನೀರಿನ ಕೊಳವೆ, ಗ್ಯಾಸ್ ದೀಪ, 1891ರಲ್ಲಿ ವಿದ್ಯುತ್ತು, ಹೀಗೆ ಹೊಸ ಸೌಕರ್ಯವೊಂದು ಬಂದಾಗಲೆಲ್ಲ ಕೆಲಸಗಾರರು ಮರದ ತೊಲೆಗಳನ್ನು ಕೊರೆಯುತ್ತ, ಕೆತ್ತುತ್ತ ಹೋಗಿದ್ದರು. 1902ರಲ್ಲಿ ಭೋಜನಶಾಲೆಯನ್ನು ಹಿಗ್ಗಿಸಲೆಂದು ಭಾರ ಹೊತ್ತಿದ್ದ ಗೋಡೆಯೊಂದನ್ನು ತೆಗೆದರು. ಅದು ಸಾಲದೆಂಬಂತೆ 1927ರಲ್ಲಿ ಉಕ್ಕು, ಕಾಂಕ್ರೀಟುಗಳ ಮೂರನೆಯ ಅಂತಸ್ತನ್ನು ಅದೇ ಮುದಿ ಮನೆಯ ತಲೆಯ ಮೇಲೆ ಹೇರಿದರು. ಹಳೆಯ ಮನೆಗೆ ಅಂತಸ್ತು ಏರಿಸುವ ಮುನ್ನ ಬುನಾದಿ ನೋಡಬೇಕೆಂಬುದು ನಮ್ಮೂರಿನ ಗಾರೆ ಮೇಸ್ತ್ರಿಗೂ ಗೊತ್ತು. ಹ್ಯಾರಿ ಟ್ರೂಮನ್ ಕಾಲಕ್ಕೆ ನಡೆದರೆ ನೆಲ ಅದುರುತ್ತಿತ್ತು, ತೂಗುದೀಪಗಳು ಅಲುಗುತ್ತಿದ್ದವು. 1948ರಲ್ಲಂತೂ ಮಗಳು ಮಾರ್ಗರೆಟ್‌ಳ ಪಿಯಾನೋದ ಕಾಲು ನೆಲವನ್ನು ತೂರಿ ಇಳಿದೇಬಿಟ್ಟಿತು.

ಅಧ್ಯಕ್ಷರ ಕುಟುಂಬ ರಸ್ತೆಯಾಚೆಯ ಬ್ಲೇರ್ ಹೌಸಿಗೆ ಹೋಯಿತು. ಎಲ್ಲವನ್ನೂ ನೆಲಸಮ ಮಾಡಿ ಹೊಸ ಮನೆ ಕಟ್ಟೋಣವೆಂಬ ಸಲಹೆಯೂ ಬಂದಿತ್ತು. ಕೊನೆಗೆ ಹೊರಗಿನ ಕಲ್ಲಿನ ಗೋಡೆಗಳನ್ನು ಉಳಿಸಿಕೊಂಡು, ಅವುಗಳ ಅಡಿಯಲ್ಲಿ ಗಟ್ಟಿ ನೆಲ ಸಿಗುವವರೆಗೆ ಅಗೆದು ಕಾಂಕ್ರೀಟಿನ ಆಧಾರ ಕೊಟ್ಟು, ಒಳಗಿನದನ್ನೆಲ್ಲ ಬಗೆದು ತೆಗೆದು, ಉಕ್ಕಿನ ಚೌಕಟ್ಟನ್ನು ನಿಲ್ಲಿಸಿ, ಕೆಳಗೆ ಎರಡು ನೆಲಮಾಳಿಗೆಗಳನ್ನು ಸೇರಿಸಿದರು. ಗೋಡೆಯಲ್ಲಿ ದೊಡ್ಡ ಕಿಂಡಿ ಕೊರೆಯಲು ಟ್ರೂಮನ್ ಒಪ್ಪದ ಕಾರಣ ಬುಲ್‌ಡೋಜರನ್ನು ಬಿಡಿಬಿಡಿಯಾಗಿ ಬಿಚ್ಚಿ ಒಳಗೆ ಸಾಗಿಸಿ, ಅಲ್ಲೇ ಜೋಡಿಸಿ, ಮಣ್ಣು ತೆಗೆಸಬೇಕಾಯಿತು. ಛಾವಣಿಯ ಕೆಳಗೆ ಕೋಣೆಗಳೇ ಇಲ್ಲದೆ ಬರೀ ಉಕ್ಕಿನ ಕಂಬಗಳು ನಿಂತಿರುವ ಅಂದಿನ ಛಾಯಾಚಿತ್ರಗಳನ್ನು ನೋಡಿದರೆ, ಅದು ಮನೆಯೋ ಗೋದಾಮೋ ಎಂಬ ಅನುಮಾನ ಬರುತ್ತದೆ.

ಸುಮಾರು 57 ಲಕ್ಷ ಡಾಲರ್ ಖರ್ಚಾಗಿ, 1952ರ ಮಾರ್ಚ್ 27ರಂದು ಟ್ರೂಮನ್ ದಂಪತಿ ಮರಳಿದರು. ಒಳಗಿನ ಹಳೆಯ ಮರಗೆಲಸದಲ್ಲಿ ಬಹಳಷ್ಟು ಮತ್ತೆ ಗೋಡೆಗೇರಲಿಲ್ಲ, ಮಾರ್ಪಾಟಿನ ದೊಡ್ಡ ನಷ್ಟ ಇದೇ ಎಂದು ನನಗನ್ನಿಸುತ್ತದೆ. ಕೆಲವು ತೊಲೆಗಳನ್ನು ಸೀಳಿ ಕೆಳ ಅಂತಸ್ತಿನ ಕೋಣೆಗಳ ಗೋಡೆಗೆ ಹಲಗೆ ಹೊದಿಸಿದ್ದಾರೆ.

ಅಂದಹಾಗೆ, 2025ರ ಅಕ್ಟೋಬರಿನಲ್ಲಿ ನೃತ್ಯಶಾಲೆಗಾಗಿ ಕೆಡವಿದ್ದು ಈ ಮುಖ್ಯ ಮನೆಯನ್ನಲ್ಲ, 1942ರಲ್ಲಿ ಕಟ್ಟಿದ್ದ ಪೂರ್ವದ ಪಾರ್ಶ್ವವನ್ನು.